ತಿರುವಿನಲ್ಲಿ ಎಳೆಯುವ ಕಾರು

ನಿವೃತ್ತಿಯಾಗಿ ಯೂನಿಫಾರಂ ಬಿಚ್ಚಿಟ್ಟರೂ ಡ್ರೈವರಪ್ಪನಿಗೆ ಆ ಹೆಸರು ಬಿಟ್ಟುಹೋಗಲಿಲ್ಲ. ಜೀವಮಾನವೆಲ್ಲ ಊರೊಳಗಿನ ಬಸ್ಸು ಓಡಿಸಿದ ಮನುಷ್ಯ. ತರಕಾರಿ ಅಂಗಡಿಯವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಡ್ರೈವರಪ್ಪನೇ. ಅವನ ಹೆಂಡತಿ ಅದೇ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು, ಹಾಗಾಗಿ ಕಂಡಕ್ಟರಮ್ಮ. ಇವನು ಮುಂದೆ, ಅವಳು ಹಿಂದೆ, ನಡುವೆ ಬಸ್ಸು ತುಂಬ ಜನ. ಪ್ರೀತಿಯೆಲ್ಲ ತಲೆಯ ಮೇಲಿನ ಕನ್ನಡಿಯಲ್ಲೇ ನಡೆದದ್ದು.

"ನಿಮ್ಮ ಮಾವ ರಸ್ತೆ ನೋಡಿದ್ದಕ್ಕಿಂತ ನನ್ನ ನೋಡಿದ್ದೇ ಜಾಸ್ತಿ. ಆದ್ರೂ ಒಂದು ದಿನ ಒಂದು ನಾಯಿಗೂ ಗಾಡಿ ತಾಗಿಸ್ಲಿಲ್ಲ" ಅಂತ ಕಂಡಕ್ಟರಮ್ಮ ಸೊಸೆಗೆ ಹೇಳುವಾಗ ಡ್ರೈವರಪ್ಪ ಪೇಪರು ಅಡ್ಡ ಹಿಡಿದುಕೊಂಡು ಒಳಗೊಳಗೇ ನಗುತ್ತಿದ್ದ.

ಸೊಸೆ ಕೇಕು ಮಾಡುವವಳು. ಮನೆಯ ಕೆಳಗಿನ ಎರಡು ಕೋಣೆಯನ್ನೇ ಬೇಕರಿ ಮಾಡಿಕೊಂಡಿದ್ದಳು. ಗಂಡ ಒಲೆ ನೋಡಿಕೊಳ್ಳುತ್ತಿದ್ದ, ಇವಳದು ಅಲಂಕಾರ. ದುಂಡಗಿನ ಕೇಕಿನ ಮೇಲೆ ಹೆಸರು ಬರೆದು ಕೊಡುವುದರಲ್ಲಿ ಇವಳಿಗೆ ತೃಪ್ತಿಯಿರಲಿಲ್ಲ. ಹಡಗು, ಪಿಯಾನೊ, ಹೊಲಿಗೆ ಯಂತ್ರ, ಒಮ್ಮೆ ಹಲ್ಲಿನ ಡಾಕ್ಟರಿಗೆ ಅಂತ ಒಂದು ದೊಡ್ಡ ದವಡೆ ಹಲ್ಲು, ಬೇರು ಸಮೇತ. ಮಾಡುವುದೇನೋ ಮಾಡಿಬಿಡುತ್ತಿದ್ದಳು, ಅದನ್ನು ಮುರಿಯದೆ ತಲುಪಿಸುವುದೇ ಕಷ್ಟ. ಇವಳಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ, ಗಂಡನಿಗೆ ಕಾರು ಹತ್ತಿದರೆ ತಲೆ ಸುತ್ತು. "ಬಸ್ ಡ್ರೈವರ್ ಮಗ, ಬೀದಿ ದಾಟೋದ್ರೊಳಗೆ ವಾಂತಿ" ಅಂತ ಅವನ ತಾಯಿಯೇ ಆಡಿಕೊಳ್ಳುತ್ತಿದ್ದಳು.

ಹಾಗಾಗಿ ಒಂದು ಬೆಳಿಗ್ಗೆ ಸೊಸೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಮೇಲೆ ಬಂದು, "ಮಾವ, ನಿಮಗೆ ಬೇಜಾರಿಲ್ಲ ಅಂದ್ರೆ ಕೇಕು ತಲುಪಿಸೋ ಕೆಲಸ ನೀವು ನೋಡ್ಕೋತೀರಾ?" ಅಂದಳು.

ಡ್ರೈವರಪ್ಪ ಗತ್ತು ಬಿಡದೆ, "ನೋಡೋಣಮ್ಮ" ಅಂದ. ಅವಳು ಮೆಟ್ಟಿಲಿಳಿದು ಹೋಗುವುದರೊಳಗೆ ಕನ್ನಡಿ ಮುಂದೆ ನಿಂತು ಮೀಸೆ ಕತ್ತರಿಸಿಕೊಳ್ಳುತ್ತಿದ್ದ. ನಿವೃತ್ತಿಯಾದ ಮೇಲೆ ಕುರ್ಚಿಯಲ್ಲಿ ಕೂತಲ್ಲೇ ಇಲ್ಲದ ಬ್ರೇಕು ತುಳಿಯುತ್ತಿದ್ದವನಿಗೆ ಮತ್ತೆ ಹೋಗಲು ಒಂದು ದಿಕ್ಕು ಸಿಕ್ಕಿತ್ತು.

ಮನೆಯಲ್ಲಿದ್ದ ಹಳೆಯ ವ್ಯಾನು ಒಂದು ಎತ್ತಿನ ಹಾಗೆ. ನಿಧಾನ, ಆದರೆ ಹೇಳಿದ ಮಾತು ಕೇಳುತ್ತಿತ್ತು. ಹಿಂದಿನ ಚಕ್ರ ತಳ್ಳುವ ಗಾಡಿ, ಅವನ ಬಸ್ಸಿನ ಹಾಗೇ. ತಿರುವಿಗೆ ಬಂದಾಗ ನಿಧಾನ ಮಾಡಿ, ಸ್ಟೇರಿಂಗ್ ತಿರುಗಿಸಿ, ತಿರುವಿನ ನಡುವೆ ಆಕ್ಸಿಲರೇಟರ್ ತುಳಿದರೆ ಹಿಂದಿನಿಂದ ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದ ಹಾಗೆ ಗಾಡಿ ಹೊರಗೆ ಬರುತ್ತಿತ್ತು. ಹೀಗೇ ಓಡಿಸಿ ಓಡಿಸಿ ಅವನ ಕಾಲಿಗೆ ತನ್ನದೇ ಒಂದು ತಲೆ ಬೆಳೆದಿತ್ತು. ಆ ವ್ಯಾನು ಕೊನೆಗೊಂದು ದಿನ ಬೇಕರಿ ಬಾಗಿಲಲ್ಲೇ ಉಸಿರು ಬಿಟ್ಟಿತು. ಸೊಸೆ ಹುಡುಕಿ ಹುಡುಕಿ ಒಂದು ಕೆಂಪು ಕಾರು ತಂದಳು. ಹಳೆಯದೇ, ಆದರೆ ಹಿಂದಿನ ಸೀಟು ಮಡಚಿದರೆ ಒಂದು ಮಂಚ ಹಾಕುವಷ್ಟು ಜಾಗ, ಮೂತಿಯೊಳಗೆ ಒಳ್ಳೆ ಹುಮ್ಮಸ್ಸಿನ ಇಂಜಿನ್ನು. ಮುಂದಿನ ಚಕ್ರ ಎಳೆಯುವ ಗಾಡಿ.

"ಮುಂದಿನ ಚಕ್ರ ಎಳೆದರೇನು, ಹಿಂದಿನ ಚಕ್ರ ತಳ್ಳಿದರೇನು, ಗಾಡಿ ಗಾಡಿನೇ" ಅಂತ ಡ್ರೈವರಪ್ಪ ಕೀಲಿ ಕೈ ತೆಗೆದುಕೊಂಡ.

ಮೊದಲ ದಿನದ ಕೇಕು ಒಂದು ಕೋಟೆ. ಮೂರನೇ ಬೀದಿಯ ಮಗುವಿನ ಹುಟ್ಟುಹಬ್ಬಕ್ಕೆ. ನಾಲ್ಕು ಬುರುಜು, ಚಾಕೊಲೇಟಿನ ಹೆಬ್ಬಾಗಿಲು, ಸುತ್ತ ಕಂದಕ. ಹಿಂದೆ ಕಂಡಕ್ಟರಮ್ಮ ಪೆಟ್ಟಿಗೆ ಹಿಡಿದು ಕೂತಳು, ಸೊಸೆ ಮುಂದಿನ ಸೀಟಿನಲ್ಲಿ. ನೇರ ರಸ್ತೆಯಲ್ಲಿ ಕಾರು ಹೋದದ್ದೇ ಗೊತ್ತಾಗಲಿಲ್ಲ. ಡ್ರೈವರಪ್ಪನಿಗೆ ಖುಷಿಯಾಯಿತು. ದೊಡ್ಡ ವೃತ್ತ ಬಂತು. ಅಭ್ಯಾಸದ ಹಾಗೆ ನಿಧಾನ ಮಾಡಿದ, ತಿರುಗಿಸಿದ, ಅರ್ಧ ತಿರುವಿನಲ್ಲಿ ತುಳಿದ.

ಸ್ಟೇರಿಂಗು ಅವನ ಕೈಯಿಂದ ಕಿತ್ತುಕೊಂಡಿತು.

ಹಾಗೆಯೇ ಅನ್ನಿಸಿತು ಅವನಿಗೆ. ಯಾರೋ ಕೆಳಗಿನಿಂದ ಚಕ್ರವನ್ನು ಹಿಡಿದು ಪಟ್ಟನೆ ಎಳೆದ ಹಾಗೆ. ಅವನು ಇತ್ತ ಎಳೆದ, ಅದು ಅತ್ತ ಎಳೆಯಿತು. ಗಾಬರಿಯಲ್ಲಿ ಕಾಲು ತೆಗೆದ, ಕಾರು ಮುಗ್ಗರಿಸಿ ಸುಮ್ಮನಾಯಿತು. ಯಾರಿಗೂ ಏನೂ ಆಗಲಿಲ್ಲ. ಹಿಂದಿನಿಂದ ಮಾತ್ರ ಧೊಪ್ ಅಂತ ಒಂದು ಮೆತ್ತನೆಯ ಸದ್ದು ಬಂತು. ಆಮೇಲೆ ಕಂಡಕ್ಟರಮ್ಮನ ದನಿ:

"ಕೋಟೆ ಬಿತ್ತು ಕಣ್ರೀ."

ಪಕ್ಕಕ್ಕೆ ನಿಲ್ಲಿಸಿ ನೋಡಿದರೆ ಎರಡು ಬುರುಜು ಕಂದಕದಲ್ಲಿದ್ದವು, ಒಂದು ಕಂಡಕ್ಟರಮ್ಮನ ಮಡಿಲಲ್ಲಿ. ಡ್ರೈವರಪ್ಪನ ಮುಖ ಸುಣ್ಣ ಬಳಿದ ಹಾಗಾಯಿತು. ಸೊಸೆ ಬಗ್ಗಿ ಕೇಕು ನೋಡಿದಳು. ಬೈದರೆ ಬೈಯಲಿ ಅಂತ ಅವನು ಕಾದ. ಅವಳು ಚೀಲದಿಂದ ಕ್ರೀಮಿನ ಕೊಳವೆ ತೆಗೆದಳು, ಬಿದ್ದ ಬುರುಜುಗಳನ್ನು ಇನ್ನಷ್ಟು ಚೆನ್ನಾಗಿ ಬೀಳಿಸಿದಳು, ಡಬ್ಬಿಯಲ್ಲಿ ಮಿಕ್ಕಿದ್ದ ಸಕ್ಕರೆ ಗೊಂಬೆಗಳನ್ನೆಲ್ಲ ಆ ಇಟ್ಟಿಗೆ ರಾಶಿಯ ಮೇಲೆ ಹತ್ತಿಸಿ ಒಬ್ಬನ ಕೈಗೆ ಒಂದು ಬಾವುಟ ಕೊಟ್ಟಳು.

"ಯುದ್ಧ ಮುಗಿದ ಕೋಟೆ" ಅಂದಳು. "ನಡೀರಿ ಮಾವ, ನಿಧಾನವಾಗಿ."

ಮಕ್ಕಳು ಕೇಕು ನೋಡಿ ಕುಣಿದಾಡಿಬಿಟ್ಟರು. ಗೆದ್ದವರು ಯಾರು, ಸೋತವರು ಯಾರು ಅಂತ ಜಗಳವಾಡುತ್ತಲೇ ತಿಂದು ಮುಗಿಸಿದರು. ಡ್ರೈವರಪ್ಪ ಮಾತ್ರ ಒಂದು ತುಣುಕೂ ಮುಟ್ಟಲಿಲ್ಲ. ಮನೆಗೆ ಬಂದವನೇ ಕೀಲಿ ಕೈಯನ್ನು ಗೂಡಿನಲ್ಲಿಟ್ಟ.

"ಆ ಕಾರು ಸರಿ ಇಲ್ಲ" ಅಂದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂತ ಕಂಡಕ್ಟರಮ್ಮ ಗೋಡೆಗೆ ಹೇಳಿದಳು.

ಅವನು ಊಟದ ತಟ್ಟೆಯ ಮುಂದಿನಿಂದಲೇ ಎದ್ದುಹೋದ. ಅವಳಿಗೂ ಅಯ್ಯೋ ಅನ್ನಿಸಿತು, ಆದರೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ಅವಳಿಗೆ ಟಿಕೆಟ್ ಹರಿಯುತ್ತಿದ್ದ ಕಾಲದಿಂದಲೂ ಇರಲಿಲ್ಲ.

ಆಮೇಲೆ ಕೆಲವು ದಿನ ಸೊಸೆ ಬಾಡಿಗೆ ಕಾರು ಕರೆಸಿದಳು. ಮಾವನಿಗೆ ಒಂದು ಮಾತೂ ಹೇಳಲಿಲ್ಲ. ಅದೇ ಅವನನ್ನು ಹೆಚ್ಚು ಚುಚ್ಚಿದ್ದು. ಮೇಲಿನ ಕಿಟಕಿಯಿಂದ ನೋಡುತ್ತಿದ್ದ: ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಅವಳು ಕೂರುವಳು, ಬಾಡಿಗೆಯವನು ಫೋನಿನಲ್ಲಿ ಮಾತಾಡುತ್ತಲೇ ಜರ್ರನೆ ಹೊರಡುವನು, ಅವಳ ಮೈ ಇಡೀ ಪೆಟ್ಟಿಗೆಯ ಮೇಲೆ ಬಗ್ಗುವುದು. ಒಂದು ದಿನ ಅದನ್ನು ನೋಡಿ ಡ್ರೈವರಪ್ಪನಿಗೆ ತಡೆಯಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಕೆಂಪು ಕಾರನ್ನು ಜಗಳಗಂಟ ಎಮ್ಮೆಯನ್ನು ಹೊಡೆದುಕೊಂಡು ಹೋಗುವ ಹಾಗೆ ಮೆಲ್ಲಗೆ ಗ್ಯಾರೇಜಿಗೆ ಕರೆದುಕೊಂಡು ಹೋದ.

ಗ್ಯಾರೇಜಿನ ಮೇಸ್ತ್ರಿಯನ್ನು ಎಲ್ಲರೂ ಪಾನಾ ಅನ್ನುತ್ತಿದ್ದರು. ಊಟಕ್ಕೆ ಕೂತಾಗಲೂ ಅವನ ಜೇಬಿನಲ್ಲಿ ನಟ್ಟು ತಿರುಗಿಸುವ ಪಾನಾ ಒಂದು ಇರುತ್ತಿತ್ತು. ಅವನು ಕಾರು ಓಡಿಸಿ ನೋಡಿದ, ಎತ್ತಿ ಅಡಿಗೆ ಹೋಗಿ ಟಾರ್ಚು ಬಿಟ್ಟ, ಕಬ್ಬಿಣದ ಸಲಾಕೆ ಹಾಕಿ ಮೀಟಿದ.

"ಅಪ್ಪಾ, ನೀವು ಹೇಳೋದು ನಿಜ, ಇದು ಎಳೆಯುತ್ತೆ" ಅಂದ ಹೊರಗೆ ಬಂದು.

ಡ್ರೈವರಪ್ಪನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. "ಹೇಳು, ನಮ್ಮ ಮನೆಯವಳ ಮುಂದೆ ಬಂದು ಹೇಳು ಇದನ್ನ."

"ಪೂರ್ತಿ ಕೇಳಿ. ಈ ಕಡೆ ಚಕ್ರ ಹಿಡಿದಿರೋ ತೋಳಿನ ರಬ್ಬರ್ ಬುಷ್ಷು ಸವೆದು ಹೋಗಿದೆ. ಟೈರು ಬೇರೆ, ಒಂದು ಹೊಸದು ಒಂದು ಮುದುಕ. ಅದನ್ನ ಸರಿ ಮಾಡ್ತೀನಿ. ಆದ್ರೆ ಅರ್ಧ ಎಳೆತನೇ ಹೋಗೋದು. ಇನ್ನರ್ಧ ಇದರ ಹುಟ್ಟುಗುಣ, ಸುಟ್ರೂ ಹೋಗಲ್ಲ."

"ಅಂದ್ರೆ?"

ಪಾನಾ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಚಕ್ರದ ಮೇಲೆ ಕೈಯಿಟ್ಟ. "ನಿಮ್ಮ ಬಸ್ಸಲ್ಲಿ ಮುಂದಿನ ಚಕ್ರಕ್ಕೆ ಒಂದೇ ಕೆಲಸ, ದಾರಿ ತೋರಿಸೋದು. ದುಡಿಯೋದೆಲ್ಲ ಹಿಂದಿನದು. ಇಲ್ಲಿ ದಾರಿ ತೋರಿಸೋದೂ ಇವೇ, ಗಾಡಿ ಎಳೆಯೋದೂ ಇವೇ. ಮೇಲಾಗಿ ಇಂಜಿನ್ನಿಂದ ಬರೋ ಶಾಫ್ಟು ಎರಡೂ ಕಡೆಗೆ ಒಂದೇ ಉದ್ದ ಇಲ್ಲ. ತಿರುವಲ್ಲಿ ಒಳಗಡೆ ಚಕ್ರ ಹಗುರ ಆಗುತ್ತೆ, ಹೊರಗಡೆದು ಭಾರ ಹೊರುತ್ತೆ. ಆ ಹೊತ್ತಲ್ಲಿ ನೀವು ಜೋರಾಗಿ ತುಳಿದ್ರೆ, ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು. ನಡುವೆ ಇರೋದು ನಿಮ್ಮ ಸ್ಟೇರಿಂಗು."

"ಹಾಗಾದ್ರೆ ಏನು ಮಾಡ್ಬೇಕು?"

"ನಿಧಾನ ತಿರುವಿಗೆ ಮುಂಚೆ. ತಿರುವಲ್ಲಿ ಕಾಲು ತೂಕ ಹಾಕಬಾರದು, ಬರೀ ಇದ್ದಂಗೆ ಇರಬೇಕು. ಚಕ್ರ ನೇರ ಆಗ್ತಾ ಬಂದ ಹಾಗೆ ತುಳೀತಾ ಹೋಗಿ. ನಿಮಗೆ ನಾನು ಹೇಳ್ಬೇಕಾ ಅಪ್ಪಾ? ಚಿಕ್ಕವನಿದ್ದಾಗ ನಿಮ್ಮ ಬಸ್ಸಲ್ಲೇ ಶಾಲೆಗೆ ಹೋದವನು ನಾನು."

ಹೇಳುವುದು ಸುಲಭ. ಬುಷ್ಷು, ಟೈರು ಎಲ್ಲ ಹೊಸದಾದ ಮೇಲೆ ಡ್ರೈವರಪ್ಪ ಹಳೆಯ ಸಂತೆ ಬಯಲಿಗೆ ಕಾರು ತಂದು ಒಬ್ಬನೇ ಸುತ್ತು ಹಾಕಿದ. ತಲೆಗೆ ಎಲ್ಲ ಅರ್ಥವಾಗಿತ್ತು. ಕಾಲಿಗೆ ಆಗಿರಲಿಲ್ಲ. ಅರ್ಧ ತಿರುವು ಬಂದೊಡನೆ ಕಾಲು ತಾನಾಗಿ ಕೆಳಗಿಳಿಯುವುದು, ಸ್ಟೇರಿಂಗು ಬೆರಳುಗಳಲ್ಲಿ ಮೀನಿನ ಹಾಗೆ ಒದ್ದಾಡುವುದು. ಮೊದಲಿಗಿಂತ ಮೆದು, ಆದರೂ ಒದ್ದಾಟವೇ. ಬೆವರು ಒರೆಸಿಕೊಂಡು ಬೇಕರಿಯ ಹಿಂಬಾಗಿಲಲ್ಲಿ ಬಂದು ಕೂತ.

ಸೊಸೆ ತಟ್ಟೆಯೊಂದರ ಬೆನ್ನಿನ ಮೇಲೆ ಕ್ರೀಮಿನ ಬಳ್ಳಿ ಎಳೆಯುತ್ತಿದ್ದಳು. ಅವಳಿಗೆ ಎಲ್ಲ ಹೇಳಿದ, ಮುಚ್ಚಿಡದೆ. ಅವಳು ಕೈ ನಿಲ್ಲಿಸಿ ಕೇಳಿದಳು, ಆಮೇಲೆ ಕೊಳವೆಯನ್ನು ಅವನ ಕೈಗೇ ಕೊಟ್ಟಳು.

"ಒಂದು ಬಳ್ಳಿ ಬರೀರಿ ಮಾವ."

"ನಾನಾ? ನನ್ನ ಸಹಿನೇ ನೆಟ್ಟಗೆ ಬರಲ್ಲ ಕಣಮ್ಮ."

"ಬರೀರಿ."

ಬರೆದ. ನೇರ ಗೆರೆ ಚೆನ್ನಾಗಿ ಬಂತು. ಬಾಗಿಸುವ ಕಡೆ ಕೈ ಬಿಗಿಯಿತು, ಕ್ರೀಮು ಗಂಟು ಗಂಟಾಗಿ ಉಬ್ಬಿತು, ಬಳ್ಳಿ ಪಕ್ಕಕ್ಕೆ ಜಾರಿತು.

"ನೋಡಿದ್ರಾ? ಬಾಗೋ ಕಡೆ ಹಿಸುಕಿಬಿಟ್ರಿ. ನಾನು ಕಲಿಯುವಾಗ ನನಗೂ ಇದೇ ಆಗ್ತಿತ್ತು. ಬಾಗುವಾಗ ಕೈ ಹೋಗ್ಬೇಕು, ಒತ್ತಡ ಹಾಗೇ ಇರ್ಬೇಕು. ಉಸಿರು ಬಿಡ್ತಾ ಬಾಗಿಸಿ."

"ಉಸಿರಾ?"

"ಹೂಂ. ಉಸಿರು ಬಿಗಿ ಹಿಡಿದ್ರೆ ಕೈನೂ ಬಿಗಿಯುತ್ತೆ."

ಆ ಮಧ್ಯಾಹ್ನವೆಲ್ಲ ಡ್ರೈವರಪ್ಪ ತಟ್ಟೆಗಳ ಬೆನ್ನಿನ ಮೇಲೆ ಬಳ್ಳಿ ಎಳೆದ. ಮಗ ಒಲೆಯ ಬಳಿಯಿಂದ ಬಗ್ಗಿ ನೋಡಿ, "ಅಪ್ಪ, ಇದು ಬಳ್ಳಿನಾ ಎರೆಹುಳಾನಾ?" ಅಂದ. ಸಂಜೆಯ ಹೊತ್ತಿಗೆ ಒಂದು ಬಳ್ಳಿ ಬಳ್ಳಿಯ ಹಾಗೆ ಬಂತು. ಅವನು ಅದನ್ನು ತೊಳೆಯಲು ಬಿಡಲಿಲ್ಲ. ಕಂಡಕ್ಟರಮ್ಮನನ್ನು ಕರೆದು ತೋರಿಸಿದ. ಅವಳು ಬೆರಳಿನಿಂದ ಅದರ ಒಂದು ಎಲೆಯನ್ನು ತೆಗೆದು ಬಾಯಿಗಿಟ್ಟುಕೊಂಡು, "ರುಚಿ ಇದೆ" ಅಂದಳು. ಅವಳ ಕ್ಷಮೆಯೂ ಹೊಗಳಿಕೆಯೂ ಅಷ್ಟೇ.

ಮರುದಿನದಿಂದ ಬಯಲಿನಲ್ಲಿ ಮೂವರೂ. ಬೇಕರಿಯಲ್ಲಿ ಅಂಚು ಸೀದ, ಮಾರಲಾಗದ ಕೇಕುಗಳನ್ನು ಒಂದರ ಮೇಲೊಂದು ಕಟ್ಟಿ ಹಿಂದೆ ಇಟ್ಟುಕೊಂಡು ಕಂಡಕ್ಟರಮ್ಮ ಕೂರುವಳು. ಕೇಕು ಜಾರಿದರೆ ಅದು ಅವಳ ಪಾಲು ಅಂತ ಒಪ್ಪಂದ. ಮೊದಲ ದಿನ ಅವಳಿಗೆ ರಾತ್ರಿ ಊಟ ಸೇರಲಿಲ್ಲ. ಆಮೇಲಾಮೇಲೆ ಅವಳ ಪಾಲು ಕಡಿಮೆಯಾಗುತ್ತ ಬಂತು. ತಿರುವು ಬಂದಾಗ ಡ್ರೈವರಪ್ಪ ಬಾಯಿ ದುಂಡಗೆ ಮಾಡಿ ಉಸಿರು ಬಿಡುವನು, ಕಾಲು ಪೆಡಲ್ ಮೇಲೆ ಬರೀ ಒರಗಿಕೊಂಡಿರುವುದು, ಸ್ಟೇರಿಂಗು ಒಂದಿಷ್ಟು ಕೊಸರಿ ಸುಮ್ಮನಾಗುವುದು. ಆ ಕೊಸರಾಟದ ಭಾಷೆ ಅವನಿಗೆ ಮೆಲ್ಲಗೆ ತಿಳಿಯತೊಡಗಿತು. ಎಷ್ಟು ತುಳಿದರೆ ಯಾವಾಗ ಎಳೆಯುತ್ತದೆ, ಯಾವ ಕಡೆಗೆ, ಮಣ್ಣಿನ ಮೇಲೆ ಹೇಗೆ, ಡಾಂಬರಿನ ಮೇಲೆ ಹೇಗೆ. ಇಷ್ಟು ವಯಸ್ಸಾದ ಮೇಲೆ ತನ್ನ ಕಸುಬಿನಲ್ಲೇ ಹೊಸ ಅಕ್ಷರ ಕಲಿಯುವುದು ಇಷ್ಟು ಮಜವಾಗಿರುತ್ತದೆ ಅಂತ ಅವನು ಅಂದುಕೊಂಡಿರಲಿಲ್ಲ.

"ಕೇಕು ತಿನ್ನೋಕೆ ಅಂತಲೇ ಬಂದಿದ್ದೆ, ಇವತ್ತು ಒಂದೂ ಬೀಳ್ಲಿಲ್ಲ" ಅಂತ ಕೊನೆಗೊಂದು ದಿನ ಕಂಡಕ್ಟರಮ್ಮ ಗೊಣಗಿದಾಗ ಸೊಸೆ ಮುಂದಿನ ಸೀಟಿನಲ್ಲಿ ಚಪ್ಪಾಳೆ ತಟ್ಟಿದಳು.

ಅದೇ ವಾರ ದೊಡ್ಡ ಆರ್ಡರ್ ಬಂತು. ಊರಿನ ಅರ್ಧ ಜನಕ್ಕೆ ಈಜು ಕಲಿಸಿದ ಟೀಚರಿಗೆ ಎಂಬತ್ತು ತುಂಬುತ್ತಿತ್ತು. ಹಳೆಯ ಶಿಷ್ಯರೆಲ್ಲ ಸೇರಿ ಗುಡ್ಡದ ಮೇಲಿನ ಸಭಾಂಗಣದಲ್ಲಿ ಕೂಟ ಏರ್ಪಡಿಸಿದ್ದರು. ಕೇಕಿನ ವಿಷಯ ಟೀಚರಿಗೆ ಗೊತ್ತಾಗಬಾರದು, ಕೊನೆಯ ಗಳಿಗೆಯವರೆಗೂ ಗುಟ್ಟು. ಸೊಸೆ ಮಾಡಿದ್ದು ಒಂದು ಈಜುಕೊಳ. ನೀಲಿ ಜೆಲ್ಲಿಯ ನೀರು, ಅಂಚಿನಲ್ಲಿ ಬಿಸ್ಕತ್ತಿನ ಕಲ್ಲುಹಾಸು, ಟೋಪಿ ಹಾಕಿದ ಪುಟ್ಟ ಪುಟ್ಟ ಸಕ್ಕರೆ ಮಕ್ಕಳು. ಒಂದು ತುದಿಯಲ್ಲಿ ಮೊಳದೆತ್ತರದ ಸಕ್ಕರೆ ಕಂಬಿಗಳ ಏಣಿ ಗೋಪುರ, ಅದರ ತುತ್ತತುದಿಯ ಹಲಗೆಯ ಮೇಲೆ ಕೈ ಚಾಚಿ ಇನ್ನೇನು ಹಾರಲು ನಿಂತ ಒಬ್ಬ ಹುಡುಗಿ.

ಡ್ರೈವರಪ್ಪ ಅದನ್ನು ನೋಡಿ, "ಅಮ್ಮಾ, ಇವಳನ್ನ ಅಲ್ಲಿಗೆ ಹೋದ ಮೇಲೆ ಹತ್ತಿಸಿದ್ರೆ ಆಗಲ್ವಾ?" ಅಂದ.

"ಕಾಲು ಅಂಟಿ ಗಟ್ಟಿಯಾಗೋಕೆ ಒಂದು ರಾತ್ರಿ ಬೇಕು ಮಾವ. ಅಂಟಿಸಿ ಆಗಿದೆ." ಆಮೇಲೆ ಮೆಲ್ಲಗೆ ಸೇರಿಸಿದಳು, "ನೀವಿದ್ದೀರಲ್ಲ ಅಂತಲೇ ಅಷ್ಟು ಎತ್ತರ ಮಾಡಿದ್ದು."

ಆ ಮಾತು ಕೇಳಿ ಅವನಿಗೆ ಭಯವೂ ಆಯಿತು, ನಾಲ್ಕಂಗುಲ ಎತ್ತರವೂ ಬೆಳೆದ ಹಾಗಾಯಿತು.

ಬೆಳಗಿನ ಎಳೆಬಿಸಿಲಿನಲ್ಲಿ ಹೊರಟರು. ಊರು ದಾಟಿತು, ಗುಡ್ಡದ ರಸ್ತೆ ಶುರುವಾಯಿತು. ಒಂದರ ಹಿಂದೊಂದು ತಿರುವು. ಹಿಂದೆ ಕೇಕಿನ ಎರಡು ಪಕ್ಕ ಅತ್ತೆ ಸೊಸೆ, ನಡುವೆ ಹುಡುಗಿ ಹಲಗೆಯ ಮೇಲೆ. ಡ್ರೈವರಪ್ಪ ಉಸಿರು ಬಿಡುವನು, ಬಾಗಿಸುವನು, ನೇರವಾಗುವನು, ತುಳಿಯುವನು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಾರು ಏರಿತು. "ನೀರು ಅಲ್ಲಾಡಲಿಲ್ಲ" ಅಂತ ಸೊಸೆ ಪ್ರತಿ ತಿರುವಿಗೂ ವರದಿ ಒಪ್ಪಿಸುತ್ತಿದ್ದಳು. ಒಂದು ಕಡೆ ಡ್ರೈವರಪ್ಪ ಸಣ್ಣಗೆ ಹಾಡನ್ನೂ ಶುರುಮಾಡಿದ. "ಹಾಡು ಬೇಡ ಕಣ್ರೀ, ಗೋಪುರ ನಡುಗುತ್ತೆ" ಅಂದಳು ಕಂಡಕ್ಟರಮ್ಮ.

ಎಲ್ಲಕ್ಕಿಂತ ಕಡಿದಾದ ತಿರುವು ಬಂತು. ಬಂದರೆ, ಅದರ ನಟ್ಟನಡುವೆ ಒಂದು ಬಿಳಿ ಕಾರು ಬಾನೆಟ್ ಎತ್ತಿಕೊಂಡು ಹೊಗೆಯುಗುಳುತ್ತ ನಿಂತಿದೆ. ದಾಟಿ ಹೋಗುವ ಹಾಗಿಲ್ಲ, ಮೇಲಿನಿಂದ ವಾಹನಗಳು ಇಳಿಯುತ್ತಿವೆ. ಡ್ರೈವರಪ್ಪ ನಿಲ್ಲಿಸಲೇಬೇಕಾಯಿತು. ತಿರುವಿನಲ್ಲಿ, ಏರಿನಲ್ಲಿ, ಚಕ್ರ ಪೂರ್ತಿ ತಿರುಗಿಸಿಕೊಂಡು. ಇದಕ್ಕಿಂತ ಕೆಟ್ಟ ಜಾಗ ಬೇಕೆಂದರೂ ಸಿಗುವುದಿಲ್ಲ.

ಬಿಳಿ ಕಾರಿನ ಪಕ್ಕದಿಂದ ಎತ್ತರದ, ಬೆಳ್ಳಿ ಕೂದಲಿನ ಒಬ್ಬರು ನಡೆದುಬಂದು ಕಿಟಕಿಗೆ ಬಗ್ಗಿದರು.

"ಮೇಲಿನ ಹಾಲ್‌ಗೆ ಹೋಗ್ತಿದ್ದೀರಾ? ನನ್ನನ್ನೂ ಕರ್ಕೊಂಡು ಹೋಗ್ತೀರಾ? ಎಲ್ಲ ನನಗಾಗಿ ಕಾಯ್ತಿದ್ದಾರಂತೆ. ನಮ್ಮ ಡ್ರೈವರ್ ಕಾರು ನೋಡ್ಕೊಂಡು ಇಲ್ಲೇ ಇರ್ತಾನೆ."

ಈಜು ಟೀಚರೇ. ಸೊಸೆ ಹಿಂದೆ ಕೂತಲ್ಲೇ ತಣ್ಣಗಾದಳು. ಕಂಡಕ್ಟರಮ್ಮನ ಕೈ ಮಾತ್ರ ಮಿಂಚಿನ ಹಾಗೆ ಓಡಾಡಿತು. ಪೆಟ್ಟಿಗೆಯ ಮುಚ್ಚಳದಲ್ಲಿ ಗೋಪುರ ಹಿಡಿಯುತ್ತಿರಲಿಲ್ಲ, ಅದಕ್ಕೆ ತನ್ನ ದೊಡ್ಡ ಶಾಲನ್ನು ಎರಡು ಕೈಯಲ್ಲಿ ಪರದೆಯ ಹಾಗೆ ಹಿಡಿದು ಕೂತಳು.

"ಬನ್ನಿ ಟೀಚರ್, ಮುಂದೆ ಕೂತ್ಕೊಳ್ಳಿ. ಒಂದೇ ಷರತ್ತು, ಹಿಂದೆ ತಿರುಗಿ ನೋಡೋ ಹಾಗಿಲ್ಲ."

"ಯಾಕೆ?"

"ಟಿಕೆಟ್ ಇಲ್ಲದೆ ಹತ್ತಿದವರಿಗೆ ನಮ್ಮ ಗಾಡೀಲಿ ಅದೇ ರೂಲ್ಸು."

ಟೀಚರ್ ನಕ್ಕು, ಬೆನ್ನು ನೆಟ್ಟಗೆ ಮಾಡಿ ಮುಂದೆ ಕೂತರು.

ಈಗ ಹೊರಡಬೇಕು. ಹೀಗೇ ತುಳಿದರೆ ಏನಾಗುತ್ತದೆ ಅಂತ ಡ್ರೈವರಪ್ಪನಿಗೆ ಚೆನ್ನಾಗಿ ಗೊತ್ತು. ಏರು, ಭಾರ, ತಿರುಗಿದ ಚಕ್ರ. ಕಿತ್ತುಕೊಳ್ಳುತ್ತದೆ, ಹುಡುಗಿ ಹಾರುವುದು ಕೊಳಕ್ಕಲ್ಲ, ಕಂಡಕ್ಟರಮ್ಮನ ಮಡಿಲಿಗೆ. ಬಸ್ಸಿನ ಕಾಲದ ಅವನಾಗಿದ್ದರೆ ಹಲ್ಲು ಕಚ್ಚಿ ತುಳಿದೇ ಬಿಡುತ್ತಿದ್ದ. ಈಗ ಕಾಲನ್ನು ಬ್ರೇಕಿನ ಮೇಲೇ ಇಟ್ಟು ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ.

"ಏನಾಗ್ಬೇಕು?" ಅಂದಳು ಅವಳು, ಕನ್ನಡಿಯಲ್ಲೇ.

"ಸ್ವಲ್ಪ ಹಿಂದಕ್ಕೆ ಹೋಗ್ಬೇಕು, ಚಕ್ರ ನೆಟ್ಟಗಾಗೋವರೆಗೆ. ಹಿಂದೆ ಮುಂದೆ ಎರಡೂ ಕಡೆ ಗಾಡಿ ತಡೀಬೇಕು."

"ಅಷ್ಟೇ ತಾನೆ?" ಶಾಲಿನ ತುದಿಗಳನ್ನು ಸೊಸೆಯ ಕೈಗೆ ಕೊಟ್ಟು ಕಂಡಕ್ಟರಮ್ಮ ಇಳಿದಳು. ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದಳು ನೋಡಿ, ಗುಡ್ಡಕ್ಕೆ ಗುಡ್ಡವೇ ನಿಂತಿತು. ಮೇಲಿನಿಂದ ಇಳಿಯುತ್ತಿದ್ದ ಲಾರಿ ನಿಂತಿತು, ಕೆಳಗಿನಿಂದ ಬರುತ್ತಿದ್ದ ಸೈಕಲ್ಲಿನವರು ಕಾಲೂರಿದರು, ಮರದ ಮೇಲಿನ ಹಕ್ಕಿಗಳು ಎದ್ದುಹೋದವು. ಅವಳು ರಸ್ತೆಯ ನಡುವೆ ನಿಂತು ಕೈ ಬೀಸಿದಳು. "ಬರ್ಲಿ, ಬರ್ಲಿ, ಇನ್ನೂ ಬರ್ಲಿ... ಸಾಕು! ಈಗ ರೈಟ್!"

ಡ್ರೈವರಪ್ಪ ಕಾರನ್ನು ಇಳಿಜಾರಿಗೆ ಮೆಲ್ಲಗೆ ಹಿಂದೆ ಬಿಟ್ಟ. ಚಕ್ರ ನೆಟ್ಟಗಾಯಿತು. ಹ್ಯಾಂಡ್‌ಬ್ರೇಕ್ ಎಳೆದ. ಕಾಲನ್ನು ಪೆಡಲ್ ಮೇಲಿಟ್ಟು, ಇಂಜಿನ್ನಿನ ದನಿ ತುಂಬಿಕೊಳ್ಳುವವರೆಗೆ ಕಾದು, ಬ್ರೇಕು ಸಡಿಲಿಸಿದ. ನೇರದಲ್ಲಿ ಕಾರು ಹರಿಯತೊಡಗಿತು. ಬಿಳಿ ಕಾರಿನ ಪಕ್ಕಕ್ಕೆ ಬಂದ, ತಿರುಗಿಸಿದ, ಸ್ಟೇರಿಂಗು ಬೆರಳಿನಡಿ ಕೊಸರಿತು. ಬಂತು ಅಂದುಕೊಂಡ. ಬಿಗಿಯಲಿಲ್ಲ. ಹಿಡಿದ ಕೈಯನ್ನು ಸಡಿಲವಾಗಿಯೇ ಇಟ್ಟು, ಕಾಲನ್ನು ಕೂದಲೆಳೆಯಷ್ಟು ಎತ್ತಿ ಉಸಿರು ಬಿಟ್ಟ. ಕೊಸರಾಟ ಇಳಿಯಿತು. ಕಾರು ತನ್ನ ಪಾಡಿಗೆ ತಾನು ಬಾಗಿಕೊಂಡು ತಿರುವನ್ನು ಸುತ್ತಿ ಬಂತು.

"ಹುಡುಗಿ?" ಅಂದ, ತಿರುಗಿ ನೋಡದೆ.

"ತಲೆ ಅಲ್ಲಾಡಿಸಿದ್ಲು" ಅಂದಳು ಸೊಸೆ ಶಾಲಿನೊಳಗಿನಿಂದ, ಅಳುವೋ ನಗುವೋ ತಿಳಿಯದ ದನಿಯಲ್ಲಿ. "ನಿಂತಿದ್ದಾಳೆ ಮಾವ, ನಿಂತಿದ್ದಾಳೆ!"

ಮುಂದೆ ರಸ್ತೆ ಅಗಲವಾದಲ್ಲಿ ಕಾದು ನಿಂತರು. ಕಂಡಕ್ಟರಮ್ಮ ಲಾರಿಯವನಿಗೆ ಸಲಾಮು ಹೊಡೆದು, ಏದುಸಿರು ಬಿಡುತ್ತ ಏರಿ ಬಂದು ಬಾಗಿಲು ತಟ್ಟಿದಳು. ಕನ್ನಡಿಯಲ್ಲಿ ಅವಳ ಕೆಂಪೇರಿದ ಮುಖ ನೋಡಿ ಡ್ರೈವರಪ್ಪನಿಗೆ ಮೊದಲ ಬಾರಿ ಅವಳು ಬಸ್ಸು ಹತ್ತಿದ ದಿನ ಕಂಡ ಹಾಗಾಯಿತು. ಅದನ್ನು ಹೇಳಬೇಕೆಂದುಕೊಂಡ. ಟೀಚರ್ ಇದ್ದರು, ಹೇಳಲಿಲ್ಲ.

ಸಭಾಂಗಣದ ಮುಂದೆ ಶಿಷ್ಯರೆಲ್ಲ ಓಡಿಬಂದರು. ಟೀಚರನ್ನು ಇಳಿಸಿಕೊಂಡು ಒಳಗೆ ಕರೆದೊಯ್ಯುವ ಗಲಾಟೆಯಲ್ಲಿ ಕೇಕು ಪಕ್ಕದ ಬಾಗಿಲಿನಿಂದ ಮೇಜಿಗೆ ಹೋಯಿತು. ಶಾಲು ಸರಿಸಿದಾಗ ಎದ್ದ ಉದ್ಗಾರ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಡ್ರೈವರಪ್ಪನಿಗೂ ಕೇಳಿಸಿತು. ಸೊಸೆ ಹೊರಗೆ ಬಂದು ಅವನ ಕೈ ಹಿಡಿದು ಎಳೆದೊಯ್ದಳು.

ಟೀಚರ್ ಕೇಕಿನ ಸುತ್ತ ಒಂದು ಸುತ್ತು ಬಂದರು. ಕನ್ನಡಕ ಏರಿಸಿ ಹಲಗೆಯ ಮೇಲಿನ ಹುಡುಗಿಯನ್ನು ನೋಡಿದರು.

"ಇವಳು ಮಂಡಿ ಬಗ್ಗಿಸಿದ್ದಾಳೆ" ಅಂದರು. "ಹಾರೋ ಮುಂಚೆ ಕಾಲು ಜೋಡಿಸಿ ನೆಟ್ಟಗಿರ್ಬೇಕು ಅಂತ ಎಷ್ಟು ಸಲ ಹೇಳಿಲ್ಲ ನಿಮಗೆಲ್ಲ? ಆ ತಿರುವಲ್ಲೇ ಹೇಳೋಣ ಅಂತಿದ್ದೆ, ಟಿಕೆಟ್ ಇರ್ಲಿಲ್ಲ."

"ಟೀಚರ್! ನೀವು ನೋಡಿದ್ರಾ?" ಅಂತ ಕಂಡಕ್ಟರಮ್ಮ ಬಾಯಿ ಬಿಟ್ಟಳು.

"ನನ್ನ ತಲೆ ಮೇಲೆ ಬಿಸಿಲು ತಡೆಯೋ ಹಲಗೆ ಇತ್ತಲ್ಲಮ್ಮ, ಅದರಲ್ಲಿ ಕನ್ನಡಿ ಇದೆ. ಶಾಲು ಕೈ ಬದಲಾದಾಗ ಇವಳು ಕಂಡ್ಳು. ತಿರುಗಿ ನೋಡ್ಬಾರ್ದು ಅಂದ್ರಿ, ತಿರುಗಲಿಲ್ಲ."

ನಗುವಿನ ಅಲೆಯೇ ಎದ್ದಿತು. ಟೀಚರ್ ಎಲ್ಲರನ್ನೂ ಕೈಯೆತ್ತಿ ಸುಮ್ಮನಾಗಿಸಿ ಡ್ರೈವರಪ್ಪನ ಕಡೆ ತಿರುಗಿದರು. "ನಾನು ನೀರಿನಲ್ಲಿ ಮಕ್ಕಳಿಗೆ ಹೇಳ್ತಿದ್ದದ್ದೂ ಅದೇ. ನೀರು ಎಳೆದಾಗ ಜಗಳ ಆಡ್ಬೇಡಿ, ಉಸಿರು ಬಿಡಿ ಅಂತ. ಇವರು ಆ ತಿರುವಲ್ಲಿ ಉಸಿರು ಬಿಟ್ಟಿದ್ದು ನನಗೆ ಕೇಳಿಸ್ತು."

ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ಡ್ರೈವರಪ್ಪನಿಗೆ ಕೈ ಎಲ್ಲಿಡಬೇಕೆಂದೇ ತೋಚಲಿಲ್ಲ. "ಹೇಳಿಕೊಟ್ಟಿದ್ದು ನನ್ನ ಸೊಸೆ" ಅಂದ. ಅವಳು, "ಇಲ್ಲ, ಅವರೇ" ಅಂದಳು. ಕಂಡಕ್ಟರಮ್ಮ, "ಸೀಟಿ ಹೊಡೆದಿದ್ದು ನಾನು, ಅದನ್ನ ಯಾರೂ ಹೇಳ್ತಿಲ್ಲ" ಅಂದಳು. ಮತ್ತೊಮ್ಮೆ ಸೀಟಿ ಹೊಡೆಯಲು ಎಲ್ಲರೂ ಒತ್ತಾಯಿಸಿದರು. ಅವಳಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

ಊಟವಾಯಿತು, ಹಾಡಾಯಿತು, ಎಂಬತ್ತರ ಟೀಚರ್ ಶಿಷ್ಯರಾಗಿದ್ದ ಇಬ್ಬರು ಪೊಲೀಸ್ ಅಧಿಕಾರಿಗಳನ್ನು ಸಾಲಾಗಿ ನಿಲ್ಲಿಸಿ ನೀರಿಲ್ಲದೆಯೇ ಈಜಿನ ಕೈ ಬೀಸಿಸಿದ್ದಾಯಿತು. ಇಳಿಯುವ ಹೊತ್ತಿಗೆ ಬಿಸಿಲು ಓರೆಯಾಗಿತ್ತು. ಕೇಕಿಲ್ಲದ ಕಾರು ಹಗುರ. ಬೆಳಗಿನ ಜಾವದಿಂದ ನಿಂತೇ ಇದ್ದ ಸೊಸೆ ಹಿಂದಿನ ಸೀಟಿನಲ್ಲಿ, ಕಂಡಕ್ಟರಮ್ಮನ ಶಾಲು ಹೊದ್ದು, ಮೊದಲ ತಿರುವಿಗೇ ನಿದ್ದೆ ಹೋದಳು. ಅವಳ ಬೆರಳ ತುದಿಯಲ್ಲಿ ಇನ್ನೂ ನೀಲಿ ಬಣ್ಣವಿತ್ತು.

ಕಂಡಕ್ಟರಮ್ಮ ಈಗ ಮುಂದಿನ ಸೀಟಿನಲ್ಲಿದ್ದಳು. ಬಸ್ಸಿನಲ್ಲಿ ಅವಳಿಗೆ ಎಂದೂ ಸಿಗದಿದ್ದ ಜಾಗ. ಕಾಲು ಚಾಚಿ ಕೂತು ಕಿಟಕಿಯಿಂದ ಊರನ್ನು ನೋಡುತ್ತಿದ್ದಳು. ಮನೆಯ ಬೀದಿಗೆ ಬಂದಾಗ ಬೇಕರಿ ಬಾಗಿಲಲ್ಲಿ ಮಗ ಕೈ ಬೀಸುತ್ತ ನಿಂತಿದ್ದ. ಡ್ರೈವರಪ್ಪ ನಿಧಾನ ಮಾಡಿದ.

"ನಿಲ್ಲಿಸ್ಬೇಡಿ" ಅಂದಳು ಕಂಡಕ್ಟರಮ್ಮ, ಹಿಂದೆ ಮಲಗಿದ್ದ ಸೊಸೆಯತ್ತ ನೋಡಿ, ಪಿಸುಮಾತಿನಲ್ಲಿ. "ನಿಲ್ಲಿಸಿದ್ರೆ ಮಗು ಎದ್ದುಬಿಡುತ್ತೆ."

"ಮತ್ತೆ?"

"ಇನ್ನೊಂದು ಸುತ್ತು ಹೋಗ್ಬರೋಣ."

ಮಗ ಕೈಯನ್ನು ಗಾಳಿಯಲ್ಲೇ ಬಿಟ್ಟು ಬೆಪ್ಪಾಗಿ ನೋಡುತ್ತಿದ್ದಂತೆ ಕೆಂಪು ಕಾರು ಮನೆ ದಾಟಿ, ಬೀದಿಯ ಕೊನೆಯಲ್ಲಿ ಸದ್ದಿಲ್ಲದೆ ಬಾಗಿ, ಸಂಜೆಯ ಊರೊಳಕ್ಕೆ ಹೊರಟುಹೋಯಿತು.